ಹನ್ನೊಂದು ಸಲ ಬಂದ ಫೋನ್

ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತಬೇಕೋ ಬೇಡವೋ? ಒಮಾನಿನಲ್ಲಿರುವ ನಮಗೆಲ್ಲ ಇದು ದಿನನಿತ್ಯದ ತಲೆನೋವು. ಬ್ಯಾಂಕ್ ಕಾರ್ಡ್ ಬ್ಲಾಕ್ ಆಗಿದೆ ಎನ್ನುವವರು, ಲಾಟರಿ ಬಂದಿದೆ ಎನ್ನುವವರು, ಪಾರ್ಸೆಲ್ ನಿಂತಿದೆ ಎನ್ನುವವರು. ಮೋಸ ಹೋದವರು ನಮ್ಮಲ್ಲೇ ಇದ್ದಾರೆ. ಅದಕ್ಕೇ ನಮ್ಮ ಇಬ್ರಾ ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಎಚ್ಚರಿಕೆ ಹಾಕಿದರು: “ಆಫ್ರಿಕಾದ ನಂಬರ್ ಯಾವುದೇ ಬಂದರೂ ಎತ್ತಬೇಡಿ. ಕೂಡಲೇ ಬ್ಲಾಕ್ ಮಾಡಿ. ಹತ್ತು ಜನಕ್ಕೆ ಕಳಿಸಿ.” ಆಫ್ರಿಕಾ ಒಂದು ದೇಶವಲ್ಲ, ಅಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳಿವೆ ಎಂದು ಯಾರೂ ಹೇಳಲಿಲ್ಲ. ಎಲ್ಲರೂ ಹೆಬ್ಬೆರಳಿನ ಗುರುತು ಒತ್ತಿದರು.

ಸೋಮನಾಥನೂ ಒತ್ತಿದ. ಅವನು ಬಾಗಲಕೋಟೆಯವನು, ವಿದ್ಯುತ್ ಗುತ್ತಿಗೆಯ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಹೆಂಡತಿ ಸುವರ್ಣಾ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಐದು ವರ್ಷದ ಮಗಳು ಶುಭಾ. ಮಗುವನ್ನೂ ಮನೆಯನ್ನೂ ನೋಡಿಕೊಳ್ಳಲು ಉಗಾಂಡದ ಲಮುನು ಇದ್ದಳು. ಮೂವತ್ತು ವರ್ಷದ ಹೆಂಗಸು, ಬಂದು ಹದಿನಾಲ್ಕು ತಿಂಗಳಾಗಿತ್ತು.

ಕರೆತಂದ ಏಜೆಂಟ್ ಮೊದಲ ದಿನವೇ ಬುದ್ಧಿ ಹೇಳಿ ಹೋಗಿದ್ದ. ಫೋನ್ ಕೈಯಲ್ಲಿದ್ದರೆ ಕೆಲಸದವರು ಕೆಟ್ಟುಹೋಗುತ್ತಾರೆ, ಶುಕ್ರವಾರ ಒಂದು ಗಂಟೆ ಕೊಟ್ಟರೆ ಸಾಕು ಎಂದಿದ್ದ. ಸುವರ್ಣಾ ಲಮುನುವಿನ ಫೋನನ್ನು ಬೀರುವಿನಲ್ಲಿಟ್ಟಳು. ಶುಕ್ರವಾರ ಮನೆಗೆ ನೆಂಟರು ಬಂದರೆ ಆ ಒಂದು ಗಂಟೆಯೂ ಇಲ್ಲ. ಲಮುನು ಕೇಳುತ್ತಿರಲಿಲ್ಲ. ಅವಳು ಕೇಳದಿರುವುದನ್ನು ಸುವರ್ಣಾ ಒಳ್ಳೆಯ ಗುಣ ಎಂದು ಎಲ್ಲರ ಮುಂದೆ ಹೊಗಳುತ್ತಿದ್ದಳು.

ಒಂದು ಶುಕ್ರವಾರ ಮಧ್ಯಾಹ್ನ ಲೋಲಾಕ್ಷಿ ಊಟಕ್ಕೆ ಬಂದರು. ಪುತ್ತೂರಿನ ಕಡೆಯವರು, ಇಬ್ರಾದ ಖಾಸಗಿ ಕ್ಲಿನಿಕ್‌ನಲ್ಲಿ ನರ್ಸ್. ಊಟವಾದ ಮೇಲೆ ಸುವರ್ಣಾ ಗಂಡನ ಫೋನ್ ತಂದು ಅವರ ಕೈಗಿಟ್ಟಳು.

“ಅಕ್ಕಾರ, ಇದೊಂದು ಹೊಸಾ ನಮೂನಿ ಮೋಸ ನೋಡ್ರಿ. ಎರಡು ವಾರದಿಂದ ಇವರಿಗೆ ಉಗಾಂಡದಿಂದ ಫೋನ್ ಬರಾಕತ್ತದ.”

“ಹನ್ನೊಂದು ಸಲ,” ಎಂದ ಸೋಮನಾಥ. “ಒಮ್ಮೆ ಎತ್ತಿ, ಖಲಾಸ್ ಅಂತ ಹೇಳಿ ಇಟ್ಟೆ. ಎರಡು ನಂಬರ್ ಬ್ಲಾಕ್ ಮಾಡಿದೆ. ಮೂರನೇದರಿಂದ ಮೆಸೇಜ್ ಹಾಕ್ಯಾಳ. ಓದ್ರಿ, ನಗು ಬರ್ತದ. ಗೋರಿ ಅಂತ, ಸುಡುಗಾಡು ಅಂತ, ಏನೇನೋ ಬರದಾಳ. ಮುಂದ ಓಟಿಪಿ ಕೇಳ್ತಾಳ, ಬೇಕಾದ್ರ ಬರದಿಟ್ಕೋರಿ.”

ಲೋಲಾಕ್ಷಿ ಓದಿದರು. ಅವರಿಗೆ ನಗು ಬರಲಿಲ್ಲ.

“ನಾನು ಕ್ಯಾರೋಲಿನ್ ಅಟಿಮ್,” ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. “ಉತ್ತರ ಉಗಾಂಡದ ಯುದ್ಧದಲ್ಲಿ ಸತ್ತವರ ಗುರುತು ಹಿಡಿದು ಮನೆಯವರಿಗೆ ಒಪ್ಪಿಸುವ ಸಣ್ಣ ಸಂಘದವಳು. ನಿಮ್ಮ ಮನೆಯಲ್ಲಿರುವ ಲಮುನುವಿನ ತಾಯಿಯನ್ನು ಹಳೆಯ ನಿರಾಶ್ರಿತರ ಕ್ಯಾಂಪಿನಲ್ಲಿ ಹೂಳಿದ್ದರು. ಆ ಜಾಗವನ್ನು ಈಗ ಅಗೆಯುತ್ತಿದ್ದೇವೆ. ಹೂಳಿದ್ದನ್ನು ನೋಡಿದವರಲ್ಲಿ ಬದುಕಿರುವವಳು ಅವಳೊಬ್ಬಳೇ. ಅವಳ ಫೋನ್ ಸಿಗುತ್ತಿಲ್ಲ, ನಿಮ್ಮ ನಂಬರನ್ನು ಅವಳ ಏಜೆಂಟ್ ಕೊಟ್ಟ. ಬುಧವಾರದೊಳಗೆ ಒಂದು ಸಲ ಮಾತಾಡಿಸಿ. ಹಣ ಬೇಡ.”

“ಬುಧವಾರ ಅಂದ್ರೆ ಮೊನ್ನೆ,” ಎಂದರು ಲೋಲಾಕ್ಷಿ. “ಅವಳ ಹತ್ರ ಕೇಳಿದ್ದೀರಾ?”

“ಯಾರ ಹತ್ರ?”

“ಲಮುನು ಹತ್ರ ಮಾರಾಯ್ತಿ! ಅಡಿಗೆಮನೆಯಲ್ಲಿ ಇದ್ದಾಳಲ್ಲ. ಹತ್ತು ಹೆಜ್ಜೆ ಇಲ್ಲ.”

“ಸುಮ್ನ ಆಕಿಗೆ ಯಾಕ ಹೆದರಿಸೋದು ಅಂತ ಬಿಟ್ವಿ,” ಎಂದಳು ಸುವರ್ಣಾ. “ಮತ್ತ ಆಕಿ ಅವ್ವ ಊರಾಗ ಆರಾಮ ಇರಬೇಕಲ್ಲ?”

“ಹಾಗಂತ ಅವಳು ಹೇಳಿದ್ಳಾ?”

ನೆಲದ ಮೇಲೆ ಬಣ್ಣ ಹಚ್ಚುತ್ತಾ ಕೂತಿದ್ದ ಶುಭಾ ತಲೆ ಎತ್ತದೆಯೇ ಹೇಳಿದಳು: “ನೋ ಮಮ್ಮಾ. ಲಮುನು ಆಂಟಿ ಹ್ಯಾಸ್ ನೋ ಮದರ್. ಷಿ ಡೈಡ್ ವೆನ್ ಆಂಟಿ ವಾಸ್ ನೈನ್.”

“ನಿನಗ ಯಾರು ಹೇಳಿದ್ರು?”

“ಐ ಆಸ್ಕ್ಡ್ ಹರ್.”

ಸೋಮನಾಥ ಸೋಲೊಪ್ಪುವ ಪೈಕಿ ಅಲ್ಲ. “ಹೆಸರು, ಊರು ಎಲ್ಲಾ ಏಜೆಂಟ್ ಕಡಿಂದ ಸಿಗ್ತಾವ ಅಕ್ಕಾರ. ಅಷ್ಟಕ್ಕ ಖರೇ ಅಂತ ನಂಬಾಕ ಆಗ್ತದೇನು? ಇನ್ನ ಫೋನಿನ ಮಾತು. ನಾ ಎರಡು ವರ್ಷ ದುಕ್ಮ್ ರಿಫೈನರಿಯಾಗ ಇದ್ದೆ. ಸೈಟಿಗೆ ಹೋಗೂ ಮುಂದ ಫೋನ್ ಗೇಟಿನ್ಯಾಗ ಕೊಡಬೇಕಿತ್ತು. ನಾವೇನು ಸತ್ತೇವ?”

“ಸಂಜೆ ಬಸ್ಸು ಹತ್ತುವಾಗ ವಾಪಸ್ ಕೊಡ್ತಿದ್ರಾ, ಇಲ್ವಾ?”

“ಕೊಡ್ತಿದ್ರು.”

“ಇವಳಿಗೆ ಬಸ್ಸೂ ಇಲ್ಲ, ಸಂಜೆಯೂ ಇಲ್ಲ,” ಎಂದರು ಲೋಲಾಕ್ಷಿ. “ನೋಡಿ, ಮೋಸದ ಹೆದರಿಕೆ ನನಗೂ ಉಂಟು. ಓಟಿಪಿ ಕೊಡ್ಬೇಡಿ. ಲಿಂಕ್ ಒತ್ತಬೇಡಿ. ದುಡ್ಡು ಕಳಿಸ್ಬೇಡಿ. ಆದ್ರೆ ಯಾರ ಹೆಸರು ಹಿಡಿದು ಫೋನ್ ಬಂದಿದೆಯೋ ಅವರ ಹತ್ರ ಒಂದು ಮಾತು ಕೇಳ್ಲಿಕ್ಕೆ ನಿಮಗೆ ಎಂತ ಕಷ್ಟ? ಕರೀರಿ ಅವಳನ್ನು.”

ಲಮುನು ಕೈ ಒರೆಸಿಕೊಂಡು ಬಂದಳು. ಮೆಸೇಜನ್ನು ಎರಡು ಸಲ ಓದಿದಳು. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. ಬೀರುವಿನಲ್ಲಿದ್ದ ಅವಳ ಫೋನಿನ ಬ್ಯಾಟರಿ ಸತ್ತಿತ್ತು. ಆದ್ದರಿಂದ ಸೋಮನಾಥನ ಫೋನಿನಿಂದಲೇ ಕರೆ ಮಾಡಿ ಸ್ಪೀಕರ್ ಹಾಕಿದರು. ಎರಡನೆಯ ರಿಂಗಿಗೆ ಆ ಕಡೆಯವಳು ಎತ್ತಿದಳು. ಇಬ್ಬರೂ ತಮ್ಮ ಭಾಷೆಯಲ್ಲಿ ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ಕ್ಯಾರೋಲಿನ್ ಇಂಗ್ಲಿಷಿಗೆ ತಿರುಗಿದಳು.

“ಮನೆಯವರು ಪಕ್ಕದಲ್ಲೇ ಇದ್ದಾರಂತೆ. ಒಳ್ಳೆಯದು, ಅವರಿಗೂ ಅರ್ಥವಾಗಲಿ. ಹನ್ನೊಂದು ಸಲ ಫೋನ್ ಮಾಡಿದೆ. ಬೇಜಾರಿಲ್ಲ, ಅಭ್ಯಾಸವಾಗಿದೆ. ಸತ್ತವರ ವಿಷಯ ಕೇಳಲು ಹಳ್ಳಿಗೆ ಹೋದರೆ ಜಮೀನು ಹೊಡೆಯಲು ಬಂದವರು ಅನ್ನುತ್ತಾರೆ. ಆಫೀಸಿಗೆ ಹೋದರೆ ಹಳೆಯ ಗಾಯ ಕೆದಕಬೇಡಿ ಅನ್ನುತ್ತಾರೆ. ನೀವು ಕಳ್ಳರು ಅಂದುಕೊಂಡಿರಿ, ಅಷ್ಟೇ.”

ಅವಳು ವಿಷಯವನ್ನು ಚಿಕ್ಕದಾಗಿ ಹೇಳಿದಳು. ಅವರ ಕಡೆ ಇಪ್ಪತ್ತು ವರ್ಷ ಯುದ್ಧ ನಡೆಯಿತು. ಜನರನ್ನು ಹಳ್ಳಿಗಳಿಂದ ಎಬ್ಬಿಸಿ ಕ್ಯಾಂಪುಗಳಿಗೆ ತುಂಬಿದರು. ಅಲ್ಲಿ ಸತ್ತವರನ್ನು ಊರಿಗೆ ಒಯ್ಯುವಂತಿರಲಿಲ್ಲ, ಗುಡಿಸಲಿನ ಪಕ್ಕದಲ್ಲೇ ಹೂಳಬೇಕಾಯಿತು. ಯುದ್ಧ ನಿಂತಿತು, ಬದುಕಿದ್ದವರು ಹಳ್ಳಿಗೆ ಮರಳಿದರು. ಸತ್ತವರು ಯಾರದೋ ಜಮೀನಿನಲ್ಲಿ ಉಳಿದರು. ಜಮೀನಿನ ಯಜಮಾನ ಉಳಬೇಕು ಅನ್ನುತ್ತಾನೆ, ಮನೆಯವರು ನಮ್ಮವರನ್ನು ಕೊಡಿ ಅನ್ನುತ್ತಾರೆ. ನಡುವೆ ನಿಂತು ಹೊಡೆದಾಟವಾಗದಂತೆ ನೋಡಿಕೊಳ್ಳುವುದು ಇವಳ ಸಂಘದ ಕೆಲಸ. ಇರುವುದು ಆರು ಜನ, ಒಂದು ಮೋಟಾರ್ ಸೈಕಲ್.

“ನಮ್ಮ ಹತ್ತಿರ ಪ್ರಯೋಗಾಲಯ ಇಲ್ಲ,” ಎಂದಳು ಕ್ಯಾರೋಲಿನ್. “ಜನರ ನೆನಪೇ ನಮ್ಮ ಸಾಕ್ಷಿ. ಹಾಗಾಗಿ ಲಮುನು, ನಮಗೆ ಏನು ಸಿಕ್ಕಿತು ಅಂತ ನಾನು ಮೊದಲು ಹೇಳುವುದಿಲ್ಲ. ಅದು ನಿಯಮ. ನಿನಗೆ ನೆನಪಿರುವುದನ್ನು ನೀನು ಹೇಳು.”

ಲಮುನು ತಡಮಾಡಲಿಲ್ಲ. ಇಪ್ಪತ್ತೊಂದು ವರ್ಷದಿಂದ ಬಾಯಲ್ಲೇ ಇಟ್ಟುಕೊಂಡಿದ್ದವಳ ಹಾಗೆ ಹೇಳಿದಳು.

“ಮಳೆ ಬಂದು ನೆಲ ಒದ್ದೆಯಾಗಿತ್ತು. ಹೊದಿಸಲು ಬಟ್ಟೆ ಇರಲಿಲ್ಲ. ಅಪ್ಪ ಹಿಟ್ಟಿನ ಚೀಲ ಬಿಚ್ಚಿ ಹೊದಿಸಿದ. ಅಮ್ಮನ ತಲೆ ಕೆಸರಿನಲ್ಲಿತ್ತು. ನಾನು ನನ್ನ ಚಪ್ಪಲಿ ಬಿಚ್ಚಿ ತಲೆಯ ಕೆಳಗಿಟ್ಟೆ. ರಬ್ಬರಿನದು, ಬಲಗಾಲಿನದು. ಎಡಗಾಲಿನದು ಓಡಿಬರುವಾಗ ಕಳೆದುಹೋಗಿತ್ತು.”

ಆ ಕಡೆ ಹಾಳೆ ತಿರುವಿದ ಸದ್ದು ಕೇಳಿಸಿತು.

“ನಾಲ್ಕನೆಯ ಗುಂಡಿ,” ಎಂದಳು ಕ್ಯಾರೋಲಿನ್. “ಹೆಂಗಸಿನ ಮೂಳೆ, ಮಗುವಿನ ಚಪ್ಪಲಿ. ಜೊತೆಗೆ ಮಗುವೂ ಇರಬೇಕು ಅಂತ ಎರಡು ದಿನ ಮಣ್ಣು ಜರಡಿ ಹಿಡಿದೆವು. ಸಿಗಲಿಲ್ಲ. ಎಳೆಯ ಮೂಳೆ ಕರಗಿಹೋಗಿರಬೇಕು ಅಂದರು ಹಿರಿಯರು. ಪಟ್ಟಿಯಲ್ಲಿ ‘ಗುರುತು ಸಿಗದ ಹೆಂಗಸು ಮತ್ತು ಮಗು’ ಅಂತ ಬರೆದೆವು.”

“ಆ ಮಗು ನಾನು,” ಎಂದಳು ಲಮುನು. “ಇಲ್ಲಿದ್ದೇನೆ.”

ಸುವರ್ಣಾ ಬಾಯಿಗೆ ಸೆರಗು ಒತ್ತಿಕೊಂಡಳು.

“ಅಮ್ಮ ಈಗ ಎಲ್ಲಿ?” ಎಂದು ಲಮುನು ಕೇಳಿದಳು.

“ಬುಧವಾರ, ಗುರುತು ಸಿಗದ ಏಳು ಜನರನ್ನು ಒಂದೇ ಕಡೆ ಇಟ್ಟು ಮೇಲೆ ಸಿಮೆಂಟ್ ಹಾಕಿದೆವು. ಜಮೀನಿನವನ ಹತ್ತಿರ ಎರಡು ಸಲ ಗಡುವು ಕೇಳಿ ತಂದಿದ್ದೆ. ಮೂರನೆಯ ಸಲ ಅವನು ಟ್ರ್ಯಾಕ್ಟರ್ ತಂದು ನಿಲ್ಲಿಸಿದ.”

“ಅಪ್ಪನ ಪಕ್ಕ ಇಡಬೇಕಿತ್ತು. ಅಪ್ಪ ನಮ್ಮ ಹೊಲದಲ್ಲಿದ್ದಾನೆ. ಪಕ್ಕದಲ್ಲಿ ಜಾಗ ಬಿಡಿಸಿಕೊಂಡು ಸತ್ತ.”

“ಗೊತ್ತು. ಪಟ್ಟಿಯಲ್ಲಿ ಇವತ್ತೇ ನಿನ್ನ ಅಮ್ಮನ ಹೆಸರು ಬರೆಯುತ್ತೇನೆ. ‘ಮಗು’ ಎಂಬ ಪದವನ್ನು ಹೊಡೆದುಹಾಕುತ್ತೇನೆ. ಆದರೆ ಏಳು ಜನರ ಮೂಳೆಗಳೂ ಕೂಡಿಹೋಗಿವೆ ಲಮುನು. ನಿನ್ನ ಅಮ್ಮನನ್ನು ಬೇರೆ ಮಾಡಿ ಕೊಡುತ್ತೇನೆ ಅಂತ ಸುಳ್ಳು ಹೇಳಲಾರೆ.”

ಸೋಮನಾಥ ಫೋನಿನ ಹತ್ತಿರ ಬಾಗಿದ. ತಾನು ಈಗ ಏನಾದರೂ ಮಾಡಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಹೋದ ವಾರ ಫೋನ್ ಎತ್ತಬಹುದಿತ್ತು,” ಎಂದಳು ಕ್ಯಾರೋಲಿನ್. “ಈಗ ಅವಳಿಗೆ ರಜೆ ಕೊಡಿ. ಆ ಸಿಮೆಂಟಿನ ಮೇಲೆ ನಿಲ್ಲಿಸುವ ಕಲ್ಲಿನಲ್ಲಿ ಅಮ್ಮನ ಹೆಸರು ಕೆತ್ತುವಾಗ ಅವಳು ಇರಲಿ. ನನಗೆ ಇನ್ನೂ ನಲವತ್ತು ಗುಂಡಿಗಳಿವೆ. ಫೋನ್ ಇಡುತ್ತೇನೆ.”

ಸುವರ್ಣಾ ಲಮುನುವಿನ ಕೈ ಹಿಡಿದು “ಸಾರಿ” ಎಂದಳು. ಇಂಥ ಹೊತ್ತಿನಲ್ಲಿ ಪರವಾಗಿಲ್ಲ ಎನ್ನುವುದು ಲೋಕಾರೂಢಿ. ಲಮುನು ಅನ್ನಲಿಲ್ಲ. ಕೈ ಬಿಡಿಸಿಕೊಂಡು, “ನನ್ನ ಪಾಸ್‌ಪೋರ್ಟೂ ನಿಮ್ಮ ಬೀರುವಿನಲ್ಲೇ ಇದೆ. ಅದೂ ಬೇಕು,” ಎಂದಳು.

ಸೋಮನಾಥ ಎದ್ದ. ಹೋಗುತ್ತಾ, “ಎಲ್ಲಾರೂ ಹಿಂಗ ಇಟ್ಕೋತಾರ್ರೀ ಅಕ್ಕಾರ,” ಎಂದ.

“ಇಟ್ಕೊಳ್ಳುದು ಇಲ್ಲಿಯ ಕಾನೂನಿಗೇ ವಿರುದ್ಧ, ಗೊತ್ತುಂಟಲ್ಲ?” ಎಂದರು ಲೋಲಾಕ್ಷಿ. “ಮತ್ತೆ, ಎಲ್ಲರೂ ಅಂದ್ರೆ ಯಾರು? ನಾವೇ ಅಲ್ವಾ?”

ಅವನು ಪಾಸ್‌ಪೋರ್ಟ್ ತಂದು ಕೊಟ್ಟ. ಫೋನನ್ನು ಸುವರ್ಣಾ ಚಾರ್ಜಿಗಿಟ್ಟು ಕೊಟ್ಟಳು. ಮುಂದಿನ ವಾರದ ವಿಮಾನಕ್ಕೆ ಟಿಕೆಟ್ ಮಾಡಿಸಿದರು. ಸಂಜೆ ಸೋಮನಾಥ ಕನ್ನಡಿಗರ ಗುಂಪಿನಲ್ಲಿ ನಡೆದದ್ದನ್ನೆಲ್ಲ ಬರೆದು, ತಾನು ಮಾಡಿದ್ದು ತಪ್ಪು, ನೀವು ಮಾಡಬೇಡಿ ಎಂದು ಹಾಕಿದ. ಮೊದಲ ಎಚ್ಚರಿಕೆಗೆ ಎಪ್ಪತ್ತು ಹೆಬ್ಬೆರಳು ಬಿದ್ದಿದ್ದವು, ಇದಕ್ಕೆ ಎರಡು ಬಿದ್ದವು. ಆಮೇಲೆ ಯಾರೋ ಗುಲಾಬಿ ಹೂವಿನ ಚಿತ್ರ ಹಾಕಿದರು.

ಓದುವವರೇ, ಈ ಮನೆಯವರು ರಾಕ್ಷಸರಲ್ಲ. ಲಮುನುವಿಗೆ ಹೊತ್ತಿಗೆ ಊಟ ಕೊಟ್ಟಿದ್ದರು, ತಿಂಗಳ ಸಂಬಳ ಕೊಟ್ಟಿದ್ದರು, ಹೊಡೆದವರಲ್ಲ, ಬೈದವರಲ್ಲ. ನಮ್ಮಲ್ಲಿ ಹೆಚ್ಚಿನವರು ಇಂಥವರೇ. ಅದಕ್ಕೇ ಈ ಕಥೆ ಬರೆಯಬೇಕಾಯಿತು. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರಲ್ಲಿ ಕೆಲವರು ಯುದ್ಧ ದಾಟಿ ಬಂದವರು. ಅವರ ಊರುಗಳಲ್ಲಿ ಕ್ಯಾರೋಲಿನ್‌ನಂಥವರು ಇವತ್ತೂ ಮೋಟಾರ್ ಸೈಕಲ್ ಮೇಲೆ ಹಳ್ಳಿ ಹಳ್ಳಿ ಸುತ್ತಿ, ಒಬ್ಬ ಸಾಕ್ಷಿಗಾಗಿ, ಒಂದು ಹೆಸರಿಗಾಗಿ ಫೋನ್ ತಿರುಗಿಸುತ್ತಿದ್ದಾರೆ. ಅವರ ಕೆಲಸಕ್ಕೆ ನೀವು ಚಂದಾ ಕೊಡಬೇಕಿಲ್ಲ, ಭಾಷಣ ಮಾಡಬೇಕಿಲ್ಲ. ಅಡ್ಡ ನಿಲ್ಲದಿದ್ದರೆ ಸಾಕು. ನಿಮ್ಮ ಮನೆಯಲ್ಲಿ ದುಡಿಯುವವರ ಫೋನ್ ಅವರದು, ಪಾಸ್‌ಪೋರ್ಟ್ ಅವರದು, ಅವರಿಗೆ ಬಂದ ಸುದ್ದಿಯೂ ಅವರದು. ಅದು ನಿಜವೋ ಸುಳ್ಳೋ ಎಂದು ಅವರ ಪರವಾಗಿ ನೀವು ತೀರ್ಮಾನಿಸಬೇಡಿ.

ಅವುಗಳಲ್ಲಿ ಯಾವುದಾದರೂ ಈಗ ನಿಮ್ಮ ಬೀರುವಿನಲ್ಲಿದ್ದರೆ ಓದುವುದನ್ನು ಇಲ್ಲಿಗೆ ನಿಲ್ಲಿಸಿ. ಎದ್ದು ಹೋಗಿ ಕೊಟ್ಟು ಬನ್ನಿ.