ಅತ್ತಿಗೆ ತೆರೆಯದ ಬಾಟಲಿ

ವೈನ್ ರುಚಿ ನೋಡುವುದನ್ನೇ ಕಸುಬು ಮಾಡಿಕೊಂಡವರು ವೈನ್ ಕುಡಿಯುವುದಿಲ್ಲ, ಉಗುಳುತ್ತಾರೆ. ಇಷ್ಟು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲದ್ದರಿಂದಲೇ ನಮ್ಮ ಪತ್ರಿಕೆಯಲ್ಲಿ ವಾರವಾರ ವೈನ್ ಕುರಿತು ಬರೆಯುತ್ತಿದ್ದ ಆ ಹೆಂಗಸನ್ನು ಕಂಡಾಗಲೆಲ್ಲ ನೀವು ಕಣ್ಣು ಮಿಟುಕಿಸಿ, "ಏನ್ ಪುಣ್ಯ ಮಾಡಿದ್ರೋ, ಕುಡಿಯೋಕೂ ಸಂಬಳ!" ಎಂದು ನಕ್ಕಿದ್ದೀರಿ. ಆಕೆ ಅದಕ್ಕೆ ಒಮ್ಮೆಯೂ ಮುಖ ಸಿಂಡರಿಸಿದ್ದನ್ನು ನಾನು ಕಂಡಿಲ್ಲ. "ಉಗುಳೋಕೆ ಸಂಬಳ ಕಣಪ್ಪ," ಎನ್ನುತ್ತಿದ್ದರು. "ಬಾ, ಬಕೆಟ್ಟು ತೊಳೆಯೋಕೆ ಒಬ್ಬರು ಬೇಕಾಗಿದ್ದಾರೆ."

ಕಚೇರಿಯಲ್ಲಿ ಆಕೆಗೆ ಅತ್ತಿಗೆ ಎಂದೇ ಹೆಸರು. ಕರಡು ತಿದ್ದುವ ವಿಭಾಗದ ಹಿರಿಯರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಅಣ್ಣನ ಹೆಂಡತಿ ಅತ್ತಿಗೆ. ಆ ಲೆಕ್ಕದಲ್ಲಿ, ವಯಸ್ಸಿನಲ್ಲಿ ಆಕೆಗಿಂತ ಎಷ್ಟೋ ಹಿರಿಯರಾದ ಸಂಪಾದಕರೂ ಮೈದುನರೇ ಆಗಿಬಿಟ್ಟಿದ್ದರು. ನನಗೆ ಆಕೆ ಇಟ್ಟಿದ್ದ ಹೆಸರು ಸಿಡುಕಪ್ಪ. ನನ್ನ ಅಂಕಣ ಓದಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಅತ್ತಿಗೆಯ ನಡಿಗೆಯಲ್ಲಿ ಮೂಗು ಮುಂದೆ, ಕಾಲು ಹಿಂದೆ. ಯಾವ ಕೋಣೆಗೆ ಹೋದರೂ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ತಲೆಯನ್ನು ಕೊಂಚ ಬಾಗಿಸಿ, ಆಮೇಲೆ ಒಳಗಡಿಯಿಡುತ್ತಿದ್ದರು. ಗುರುತಿಲ್ಲದವರು ಅದನ್ನು ವಿನಯವೆಂದು ಭಾವಿಸಿ ಎದ್ದು ನಿಲ್ಲುತ್ತಿದ್ದರು. ಆಕೆ ನಿಜಕ್ಕೂ ಮಾಡುತ್ತಿದ್ದುದು ಆ ಕೋಣೆಯನ್ನು ಮೂಸುವ ಕೆಲಸ. "ಇಲ್ಲಿ ಯಾರೋ ಈಗಷ್ಟೇ ಕಿತ್ತಳೆ ಸುಲಿದಿದ್ದಾರೆ," "ಮೈದುನಪ್ಪ ಹೊಸ ಶೂ ತಗೊಂಡ ಹಾಗಿದೆ," ಎಂದು ಸಭೆಯ ನಡುವೆ ಗಂಭೀರವಾಗಿ ಹೇಳಿ, ನಾವು ನಕ್ಕರೆ, "ನಾನು ಹೇಳ್ತಿಲ್ಲಪ್ಪ, ನನ್ನ ಮೂಗು ಹೇಳ್ತಿದೆ," ಎಂದು ಇಡೀ ಹೊಣೆಯನ್ನು ಆ ಅವಯವದ ಮೇಲೆ ಹೊರಿಸಿ ನಿಶ್ಚಿಂತರಾಗುತ್ತಿದ್ದರು. ಬೂದು ಬಣ್ಣದ ಒಂದು ಉದ್ದ ಕೋಟು, ಅದರ ಜೇಬುಗಳಲ್ಲಿ ಸದಾ ನಾಲ್ಕಾರು ಬಿರಡೆಗಳು. ಪರಿಮಳವಿಲ್ಲದ ಸೋಪಿನಲ್ಲೇ ಒಗೆದು ಒಗೆದು ಅದರ ಬೂದು ಕೂಡ ಮಾಸಿಹೋಗಿತ್ತು.

ಆಕೆಯ ಮನೆ ಊರಿನಲ್ಲೇ ಅತ್ಯಂತ ನಿರ್ಗಂಧವಾದ ಮನೆ. ರುಚಿ ನೋಡುವ ದಿನ ಬೆಳಿಗ್ಗೆ ಅಲ್ಲಿ ಕಾಫಿಯಿಲ್ಲ, ಒಗ್ಗರಣೆಯಿಲ್ಲ, ಮುಖಕ್ಕೆ ಪೌಡರಿಲ್ಲ; ಮೇಲಿನ ಮನೆಯವರು ಈರುಳ್ಳಿ ಹುರಿಯಲು ಶುರುಮಾಡಿದರೆ ಇಲ್ಲಿ ಕಿಟಕಿಗಳೆಲ್ಲ ದಡದಡನೆ ಮುಚ್ಚಿಕೊಳ್ಳುತ್ತಿದ್ದವು. ಮಗಳ ಮದುವೆಯಾದ ಹೊಸದರಲ್ಲಿ ಅಳಿಯ, ಅತ್ತೆಯ ಮೆಚ್ಚುಗೆ ಗಳಿಸುವ ಆಸೆಯಿಂದ ಮೈತುಂಬ ಸೆಂಟು ಹಾಕಿಕೊಂಡು ಅಂಥದೇ ಒಂದು ಬೆಳಿಗ್ಗೆ ಬಂದುಬಿಟ್ಟನಂತೆ. "ಅಳಿಯಂದ್ರೇ, ನಿಮ್ಮ ಪ್ರೀತಿ ಒಳಗೆ ಬರ್ಲಿ, ನಿಮ್ಮ ಸೆಂಟು ಮೆಟ್ಟಿಲ ಮೇಲೆ ಕೂತಿರ್ಲಿ," ಎಂದರಂತೆ ಅತ್ತಿಗೆ. ಎರಡನ್ನೂ ಬೇರ್ಪಡಿಸುವ ಉಪಾಯ ತೋಚದೆ ಆತ ಮಧ್ಯಾಹ್ನದವರೆಗೆ ಮೆಟ್ಟಿಲ ಮೇಲೆ ಕೂತು ಪತ್ರಿಕೆ ಓದಿದನಂತೆ.

ವಿಧಿ ಸರಳವಾಗಿತ್ತು. ಅಣ್ಣ ಹನಿ ಕುಡಿಯದವರು. ವೈನಿನ ಬಗ್ಗೆ ಅವರಿಗೆ ಒಲವೂ ಇಲ್ಲ, ಹಗೆಯೂ ಇಲ್ಲ. ಆದ್ದರಿಂದ ಅವರೇ ಒಳಕೋಣೆಯಲ್ಲಿ ಬಾಟಲಿಗಳಿಗೆ ತಮ್ಮ ಹಳೆಯ ಉಣ್ಣೆಯ ಕಾಲುಚೀಲಗಳನ್ನು ಕುತ್ತಿಗೆಯವರೆಗೆ ತೊಡಿಸಿ, ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು. ಯಾವುದರ ಹೆಸರೂ ಕಾಣದು, ಊರೂ ಕಾಣದು. ಮಂಗಳವಾರ ಅಗ್ಗದ ವೈನುಗಳ ದಿನ, ಬುಧವಾರ ನಡುಬೆಲೆಯವು, ಗುರುವಾರ ದುಬಾರಿಯವು. ಅತ್ತಿಗೆ ಒಂದೊಂದನ್ನೂ ಮೂಸಿ, ಬಾಯೊಳಗೆ ಹೊರಳಿಸಿ, ಬಕೆಟ್ಟಿಗೆ ಉಗುಳಿ, ನೀರು ಕುಡಿದು, ಕಿಟಕಿಯಾಚೆ ನೋಡುತ್ತ ತೀರ್ಪು ಹೇಳುತ್ತಿದ್ದರು; ಅಣ್ಣ ಬರೆದುಕೊಳ್ಳುತ್ತಿದ್ದರು, ಕಾಗುಣಿತ ತಪ್ಪದಂತೆ.

ವೈನಿನ ಪಂಡಿತರನ್ನು ನಾನು ಬಲ್ಲೆ. ಮೊದಲು ಬೆಲೆ ಕೇಳಿ, ಆಮೇಲೆ ಕಣ್ಣು ಮುಚ್ಚಿ ಆಸ್ವಾದಿಸುವ ಆ ಜಾತಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅತ್ತಿಗೆಯ ಅಂಕಣ ನನಗೆ ಹಿಡಿಸಿದ್ದು ಅದು ಯಾವಾಗಲೂ ಅಗ್ಗದ ಬಾಟಲಿಯಿಂದ ಆರಂಭವಾಗುತ್ತಿದ್ದುದರಿಂದ, ಮತ್ತು ಯಾರೂ ಕಂಡಿರದ ಹಣ್ಣುಗಳ ಹೆಸರು ಹೇಳಿ ಓದುಗನನ್ನು ಹೆದರಿಸದಿದ್ದುದರಿಂದ. ಒಂದಕ್ಕೆ ಈಗಷ್ಟೇ ಕೆತ್ತಿದ ಪೆನ್ಸಿಲ್ಲಿನ ವಾಸನೆ. ಇನ್ನೊಂದಕ್ಕೆ ಒದ್ದೆ ಸ್ಲೇಟಿನದು. "ಸಂಬಳ ಬಂದ ದಿನಕ್ಕಿದು, ಮಾರನೆಯ ದಿನಕ್ಕೆ ಮೇಲೆ ಹೇಳಿದ ಅಗ್ಗದ್ದು ಸಾಕು," ಎಂದು ಬರೆಯುತ್ತಿದ್ದರು. "ಬೇಡದ ನೆಂಟರು ಬಂದಾಗ ಇದನ್ನು ತೆಗೆಯಿರಿ, ಬೇಗ ಹೊರಡುತ್ತಾರೆ." ಪತ್ರಿಕೆಯ ಆ ಪುಟವನ್ನು ಕತ್ತರಿಸಿ ಕೈಯಲ್ಲಿ ಹಿಡಿದು ಅಂಗಡಿಯೊಳಗೆ ಹೋಗುವ, ಅಲ್ಲಿ ಅವಮಾನವಾಗದಂತೆ ಹೊರಬರುವ ಸಾಮಾನ್ಯರು ಎಷ್ಟೋ ಜನರಿದ್ದರು. ಆಕೆಯ ಮಾತಿಗೆ ತೂಕ ಬಂದದ್ದು ಹಾಗೆ. ಆ ತೂಕದ ಕೆಳಗೆ ಒಬ್ಬರು ಸಿಕ್ಕಿಕೊಂಡದ್ದೂ ಹಾಗೆಯೇ.

ಒಂದು ವಾರ ಒಂದು ಅಗ್ಗದ ವೈನಿನ ಬಗ್ಗೆ ಆಕೆ ಹೀಗೆ ಬರೆದರು: "ಬೆಲೆ ಕಡಿಮೆ, ಜೀವ ಇನ್ನೂ ಕಡಿಮೆ. ಬಣ್ಣ ಹಾಕಿದ ನೀರು. ಅಂಗಡಿಯ ಕಪಾಟಿನಲ್ಲೇ ಬಿಟ್ಟುಬನ್ನಿ." ಕಚೇರಿಯೆಲ್ಲ ಓದಿ ನಕ್ಕಿತು.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಬಿಸಿಲಿಗೆ ಕಂದಿದ ಮುಖದ, ಬೆರಳ ಸಂದುಗಳಲ್ಲಿ ದ್ರಾಕ್ಷಿಯ ಕಪ್ಪು ಕಲೆ ಕೂತ ಹೆಂಗಸೊಬ್ಬಳು ನಮ್ಮ ಕೋಣೆಗೆ ಬಂದಳು.

"ವೈನ್ ಬಗ್ಗೆ ಬರೆಯೋರು ಯಾರು?"

"ನಾನೇ. ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲಮ್ಮ. ಆ ಬಣ್ಣ ಹಾಕಿದ ನೀರು ನಮ್ಮದು."

ಅವಳೂ ಅವಳ ತಂಗಿಯೂ ಸೇರಿ ನಡೆಸುವ ಸಣ್ಣ ತೋಟ. ಅಲ್ಲಿಯವರೆಗೆ ಹಣ್ಣನ್ನೆಲ್ಲ ದೊಡ್ಡ ಕಾರ್ಖಾನೆಗೆ, ಕಾರ್ಖಾನೆ ಹೇಳಿದ ದರಕ್ಕೆ ಸುರಿದು ಬರುತ್ತಿದ್ದರು. ಆ ವರ್ಷ ಮೊದಲ ಬಾರಿಗೆ ತಾವೇ ಹಿಂಡಿ, ತಾವೇ ಕಾಯ್ದು, ತಮ್ಮದೇ ಹೆಸರಿನಲ್ಲಿ ಬಾಟಲಿಗೆ ತುಂಬಿದ್ದರು. ಅಂಕಣ ಬಂದ ವಾರವೇ ಅಂಗಡಿಗಳವರು ಪೆಟ್ಟಿಗೆಗಳನ್ನು ವಾಪಸು ಕಳಿಸಿದರು; ಒಬ್ಬನಂತೂ ಪತ್ರಿಕೆಯ ತುಣುಕನ್ನೇ ಪೆಟ್ಟಿಗೆಯ ಮೇಲೆ ಅಂಟಿಸಿದ್ದ. ಮುಂದಿನ ಕೊಯ್ಲಿನೊಳಗೆ ಇದು ಮಾರದಿದ್ದರೆ ಮತ್ತೆ ಕಾರ್ಖಾನೆಯ ಬಾಗಿಲೇ ಗತಿ. ಇಷ್ಟನ್ನೂ ಅವಳು ದನಿ ಏರಿಸದೆ ಹೇಳಿದಳು.

"ನಿಮ್ಮ ನಾಲಿಗೆಗೆ ಹಿಡಿಸ್ಲಿಲ್ಲ ಅಂದ್ರೆ ನನ್ನದೇನೂ ಜಗಳ ಇಲ್ಲ. ಒಂದೇ ಮಾತು ಕೇಳ್ತೀನಿ. ಎರಡು ಬಾಟಲಿ ಕಳಿಸಿದ್ವಿ. ಎರಡೂ ತೆಗೆದು ನೋಡಿದ್ರಾ?"

ಈ ಪ್ರಶ್ನೆಯ ಅರ್ಥ ನಿಮಗೆ ತಿಳಿಯಬೇಕು. ಬಾಟಲಿಯ ಬಿರಡೆ ಮರದ ತೊಗಟೆಯದು. ನೂರರಲ್ಲಿ ಎಲ್ಲೋ ಒಂದಕ್ಕೆ ಕಣ್ಣಿಗೆ ಕಾಣದ ಬೂಷ್ಟು ಹಿಡಿದಿರುತ್ತದೆ. ಅದು ಜೋರಾಗಿದ್ದರೆ ವೈನು ಒದ್ದೆ ರಟ್ಟಿನಂತೆ ನಾರುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಅಲ್ಪವಾಗಿದ್ದರೆ ನಾರುವುದಿಲ್ಲ, ದೀಪದ ಬತ್ತಿ ಇಳಿಸಿದಂತೆ ರುಚಿಯನ್ನು ಮಂಕಾಗಿಸಿ ಸುಮ್ಮನಾಗುತ್ತದೆ. ತಪ್ಪು ಬಿರಡೆಯದು, ಹೆಸರು ಕೆಡುವುದು ವೈನಿನದು. ಅದಕ್ಕಾಗಿಯೇ ಎರಡೆರಡು ಬಾಟಲಿ ತರಿಸಿಕೊಳ್ಳುವುದು, ಮಂಕೆನಿಸಿದರೆ ಎರಡನೆಯದನ್ನು ತೆರೆದು ನೋಡಿಯೇ ತೀರ್ಪು ಹೇಳುವುದು.

ಅತ್ತಿಗೆ ಕೋಟು ಎತ್ತಿಕೊಂಡು ಎದ್ದರು.

"ಇಲ್ಲ," ಎಂದರು. "ಇನ್ನೊಂದು ಮನೇಲಿ ಹಾಗೇ ಇದೆ. ಬನ್ನಿ ನನ್ನ ಜೊತೆ. ಸಿಡುಕಪ್ಪಾ, ನೀನೂ ಬಾ, ಸಾಕ್ಷಿಗೆ ಒಬ್ಬರು ಬೇಕು."

ರಜೆಯಲ್ಲಿದ್ದ ಅಣ್ಣ ಬಾಗಿಲು ತೆರೆದು, ಮೂವರನ್ನೂ ನೋಡಿ ಗಾಬರಿಯಾದರು. "ಇವತ್ತು ಯಾವ ವಾರನೇ? ಕಾಲುಚೀಲ ಎಲ್ಲಾ ಒಗೆಯೋಕೆ ಹಾಕಿದೀನಲ್ಲ!"

"ಕಾಲುಚೀಲ ಬೇಡ ರೀ. ಹೆಸರು ನೋಡ್ಕೊಂಡೇ ಕುಡೀತೀನಿ."

ಕಪಾಟಿನಿಂದ ಬಾಟಲಿ ಬಂತು. ಬಿರಡೆ ತೆಗೆದು ಅಣ್ಣ ಸುರಿದರು. ಅತ್ತಿಗೆ ಲೋಟದೊಳಗೆ ಮೂಗಿಟ್ಟು, ಎಂದಿಗಿಂತ ಹೆಚ್ಚು ಹೊತ್ತು ಅಲ್ಲೇ ಇದ್ದರು. ಒಂದು ಗುಟುಕು ಬಾಯಿಗೆ ಹೋಯಿತು. ತೋಟದ ಹೆಂಗಸು ಆ ಮುಖವನ್ನು ನೋಡಲಾರದೆ ಮುಸುರೆಯ ತೊಟ್ಟಿಯ ಕಡೆ ತಿರುಗಿಕೊಂಡಿದ್ದಳು.

"ಚೆನ್ನಾಗಿದೆ," ಎಂದರು ಅತ್ತಿಗೆ. "ತುಂಬ ಚೆನ್ನಾಗಿದೆ. ಮೊದಲು ಹುಳಿ ಚುರುಕ್ ಅನ್ನುತ್ತೆ, ಆಮೇಲೆ ಬಿಸಿಲಿಗೆ ಕಾದ ಕಲ್ಲಿನ ಹಾಗೆ... ನಿಮ್ಮ ತೋಟ ಇಳಿಜಾರಿನಲ್ಲಿದೆಯಾ?"

"ಇಳಿಜಾರೇ. ಕಲ್ಲು ಆರಿಸಿ ಆರಿಸಿ ಬೆನ್ನು ಬಿದ್ದೋಯ್ತು," ಎಂದಳು ಅವಳು, ತಿರುಗದೆ. "ಇದೇ ಮೂಗು ಅವತ್ತು ಎಲ್ಲಿಗೆ ಹೋಗಿತ್ತಮ್ಮ?"

ಮೂಗಿನ ಮೇಲೆ ಹೊಣೆ ಹೊರಿಸುವುದಕ್ಕೆ ಅತ್ತಿಗೆಗೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಆದರೆ ಆಕೆ ಹೇಳಿದ್ದು ಬೇರೆ. "ಮೂಗು ಅಲ್ಲೇ ಇತ್ತು. ಮಂಕಾಗಿದೆ ಅಂತ ಸರಿಯಾಗೇ ಹೇಳ್ತು. ಅವತ್ತು ಮಂಗಳವಾರ. ಗುರುವಾರದ ಬಾಟಲಿ ಹೀಗೆ ಮಂಕಾಗಿದ್ರೆ, ಇಷ್ಟು ದೊಡ್ಡ ವೈನು ಹೀಗಿರೋಕೆ ಸಾಧ್ಯ ಇಲ್ಲ, ಬಿರಡೆ ಕೆಟ್ಟಿರಬೇಕು ಅಂತ ಎರಡನೇದು ತೆಗೀತೀನಿ. ಎಷ್ಟೋ ಸಲ ತೆಗೆದಿದೀನಿ. ನಿಮ್ಮದು ಅಗ್ಗದ್ದು. ಅಗ್ಗದ್ದು ಮಂಕಾಗಿಯೇ ಇರುತ್ತೆ ಅಂದ್ಕೊಂಡೆ."

ಅಣ್ಣ, ಕರಡಿನಲ್ಲಿ ಕಣ್ತಪ್ಪಿದ ಅಕ್ಷರವೊಂದನ್ನು ಅಚ್ಚಾದ ಮೇಲೆ ಕಂಡವರ ದನಿಯಲ್ಲಿ, "ಹೆಸರಿಗೆ ಕಾಲುಚೀಲ ಹಾಕಿದ್ವಿ, ವಾರಕ್ಕೆ ಹಾಕ್ಲಿಲ್ಲ ಕಣೇ," ಎಂದರು.

"ಇಲ್ಲಿ ಹೇಳಿದ್ದನ್ನ ಅಲ್ಲಿ ಬರೀತೀರಾ?" ಎಂದಳು ತೋಟದ ಹೆಂಗಸು.

ಕಚೇರಿಯಲ್ಲಿ ಸಂಪಾದಕರು ಬರೆಯಬೇಡಿ ಎನ್ನಲಿಲ್ಲ. ಅವರು ಅಷ್ಟು ದಡ್ಡರಲ್ಲ. "ಎರಡು ಸಾಲು ಹಾಕೋಣ ಅತ್ತಿಗೆ, ಕೆಳಗೆ ಮೂಲೇಲಿ," ಎಂದರು.

"ಬೈದಿದ್ದು ಮೂಲೇಲಿ ಅಲ್ಲವಲ್ಲ ಮೈದುನಪ್ಪ."

"ನೀವೇ ತಪ್ಪಾಯ್ತು ಅಂದ್ಬಿಟ್ರೆ ನಾಳೆಯಿಂದ ನಿಮ್ಮನ್ನ ಯಾರು ನಂಬ್ತಾರೆ?"

"ನಂಬದಿದ್ರೆ ತಾವೇ ರುಚಿ ನೋಡ್ತಾರೆ, ಒಳ್ಳೇದೇ ಆಯ್ತು. ಪೂರ್ತಿ ಜಾಗ ಕೊಡಿ. ಆಗಲ್ಲ ಅಂದ್ರೆ ಬೇರೆ ಮೂಗು ಹುಡುಕ್ಕೊಳ್ಳಿ."

ಆ ವಾರದ ಅಂಕಣದಲ್ಲಿ ನಡುಬೆಲೆಯದಿರಲಿಲ್ಲ, ದುಬಾರಿಯದಿರಲಿಲ್ಲ. ಒಂದೇ ವೈನು, ಅಗ್ಗದ್ದು. ಅಡುಗೆಮನೆಯಲ್ಲಿ ಆಕೆ ಆಡಿದ ಮಾತೇ ಒಂದಿಷ್ಟೂ ಒಪ್ಪವಾಗದೆ ಅಚ್ಚಾಗಿತ್ತು. ನಿಮ್ಮಲ್ಲಿ ಕೆಲವರು ಪತ್ರ ಬರೆದಿರಿ, ಇಷ್ಟು ದಿನ ನಿಮ್ಮ ಮಾತು ಕೇಳಿ ಮೋಸಹೋದೆವೆಂದು. ವೈನಿನ ಪಂಡಿತರ ಕೂಟ ಆಕೆಯನ್ನು ಕರೆಯುವುದನ್ನು ನಿಲ್ಲಿಸಿತು. ಕೆಲವು ಅಂಗಡಿಗಳು ಪೆಟ್ಟಿಗೆಗಳನ್ನು ಮತ್ತೆ ತರಿಸಿಕೊಂಡವು. ಉಳಿದವು, ಈಗ ಜಾಗ ಇಲ್ಲ, ಬೇರೆ ಮಾಲು ಬಂದಿದೆ, ಎಂದವು. ಮುಂದಿನ ಕೊಯ್ಲಿಗೆ ಆ ತೋಟದ ಅರ್ಧ ಹಣ್ಣು ಅಕ್ಕತಂಗಿಯರ ತೊಟ್ಟಿಗೆ ಬಿತ್ತು, ಇನ್ನರ್ಧ ಕಾರ್ಖಾನೆಯ ಲಾರಿ ಏರಿತು. ನಾನು ಫೋನು ಮಾಡಿ ವಿಚಾರಿಸಿದಾಗ ಅಕ್ಕ ಹೇಳಿದಳು: "ಮೊದಲನೇದು ಓದಿದವರೆಲ್ಲ ಎರಡನೇದೂ ಓದಿದ್ರೆ ಪೂರ್ತಿ ಉಳೀತಿತ್ತಪ್ಪ. ಬೈಗುಳ ಎಲ್ಲರಿಗೂ ತಲುಪುತ್ತೆ." ಅತ್ತಿಗೆಗೆ ಇದನ್ನು ನಾನು ಮುಚ್ಚಿಡದೆ ತಿಳಿಸಿದೆ. ಆಕೆ ತಲೆಯಾಡಿಸಿದರು, ಸಮಾಧಾನ ಕೇಳಲಿಲ್ಲ.

ಆಮೇಲೆ ಆ ಮನೆಯಲ್ಲಿ ಅಗ್ಗದ ದಿನವೆಂಬುದೇ ಇರಲಿಲ್ಲ. ಅಣ್ಣ ಎಲ್ಲ ಬೆಲೆಯವನ್ನೂ ಬೆರೆಸಿ ನಿಲ್ಲಿಸುತ್ತಿದ್ದರು; ಯಾವುದು ಮಂಕೆನಿಸಿದರೂ ಅದರ ಜೋಡಿ ತೆರೆಯಲೇಬೇಕು. ಕೆಲಸ ಇಮ್ಮಡಿಯಾಯಿತು, ಸಂಬಳ ಇದ್ದಷ್ಟೇ. ಒಮ್ಮೊಮ್ಮೆ ಎರಡನೆಯದೂ ಕೆಟ್ಟದ್ದೇ ಆಗಿರುತ್ತಿತ್ತು. ಆಗ ಆಕೆ ಹಿಂದಿನಷ್ಟೇ ಕಟುವಾಗಿ ಬೈಯುತ್ತಿದ್ದರು, ಇನ್ನೂ ಹೆಚ್ಚು ಹಾಯಾಗಿ.

ತೀರ್ಪು ಹೇಳುವುದೇ ಕಸುಬಾದವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ: ಅಂಕ ಕೊಡುವವರು, ಕೆಲಸಕ್ಕೆ ಆರಿಸುವವರು, ರೋಗಿಯ ಅಂಗಿ ನೋಡಿ ರೋಗವನ್ನು ಅಳೆಯುವವರು, ನನ್ನಂತೆ ಬರೆದು ಬದುಕುವವರು. ತಾವು ಪಕ್ಷಪಾತಿಗಳಲ್ಲವೆಂದು ಅವರೆಲ್ಲ ನಂಬಿರುತ್ತಾರೆ, ಏಕೆಂದರೆ ಹೆಸರನ್ನು ಮುಚ್ಚಿಟ್ಟಿರುತ್ತಾರೆ. ದೊಡ್ಡವನೆನಿಸಿಕೊಂಡವನು ಎಡವಿದರೆ ಪಾಪ ಇವತ್ತೇನೋ ಆಗಿರಬೇಕೆಂದು ಇನ್ನೊಂದು ಅವಕಾಶ ಕೊಡುತ್ತಾರೆ. ಸಣ್ಣವನು ಎಡವಿದರೆ ಅದು ಅವನ ಗುಣವೆಂದು ಷರಾ ಬರೆಯುತ್ತಾರೆ. ಅತ್ತಿಗೆಯಂಥವರೂ ಈ ತಪ್ಪನ್ನು ಮಾಡುತ್ತಾರೆ. ಆದರೆ ಕೇಳುವವರು ಬಂದಾಗ ಬಾಗಿಲು ತೆರೆದು, ಕೆಡಿಸಿದ ಮಾತನ್ನು ಕೆಡಿಸಿದ ಜಾಗದಲ್ಲೇ ನಿಂತು ಸರಿಪಡಿಸುತ್ತಾರೆ. ಪೂರ್ತಿ ಸರಿಹೋಗದೆಂದು ಗೊತ್ತಿದ್ದೂ.

ನೀವೂ ಯಾರನ್ನೋ ಒಂದೇ ಗುಟುಕಿಗೆ ಉಗುಳಿದ್ದೀರಿ. ಒಂದು ಅಂಗಿ ಕೆಡಿಸಿದನೆಂದು ಬಿಟ್ಟ ದರ್ಜಿಯೋ, ಒಂದು ದಿನ ಬರಲಿಲ್ಲವೆಂದು ಕಳಿಸಿದ ಕೆಲಸದವಳೋ, ಮೊದಲ ಪರೀಕ್ಷೆಯಲ್ಲೇ ದಡ್ಡನೆಂದು ಹೆಸರಿಟ್ಟ ತಂಗಿಯ ಮಗನೋ. ಈ ಸಾಲು ಓದುವಾಗಲೇ ಒಂದು ಮುಖ ಕಣ್ಣ ಮುಂದೆ ಬಂದಿರಬೇಕು. ಪತ್ರಿಕೆಯನ್ನು ಮಡಿಚಿಡಿ. ಚಪ್ಪಲಿ ಮೆಟ್ಟಿಕೊಂಡು ಅವರಿದ್ದಲ್ಲಿಗೆ ಹೋಗಿ, ಅವರನ್ನು ಬೈದದ್ದು ಯಾರೆದುರೋ ಅವರನ್ನೂ ಜೊತೆಗೆ ಕರೆದುಕೊಂಡು.