ಕಂಬಕ್ಕೆ ಕಟ್ಟಿದ ತಾಡಪತ್ರಿ

ಮೇ ತಿಂಗಳ ಬಿಸಿಲು ಅಂದರೆ ರಾಯಚೂರು ಸೀಮೆಯ ಹೆಂಗಸರಿಗೆ ಶಾವಿಗೆ, ಹಪ್ಪಳ, ಕುರುಡಿಗೆಯ ಕಾಲ. ಮಸರಕಲ್ ಆಚೆಯ ಆ ತಗ್ಗಿನ ಊರಿನಲ್ಲಿ ಆಗ ಒಂದು ಮಾಳಿಗೆಯೂ ಬರಿದಾಗಿರುವುದಿಲ್ಲ. ಅಂಬಮ್ಮನ ಮಾಳಿಗೆ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಎತ್ತರದ್ದು. ಹಾಗಾಗಿ ಶಾವಿಗೆ ಮಾಡಿ ಮಾರುವ ಮಹಿಳಾ ಸಂಘದ ಹೆಂಗಸರೆಲ್ಲ ಅಲ್ಲೇ ಸೇರುತ್ತಿದ್ದರು.

ಆ ಮಾಳಿಗೆಯ ಮೇಲೆ ಒಂದು ಕಬ್ಬಿಣದ ಕಂಬ, ಕಂಬದ ತುದಿಗೆ ತಟ್ಟೆಯಂಥ ಡಿಶ್. ದೇವದುರ್ಗದಲ್ಲಿ ಇಂಟರ್‌ನೆಟ್ ನಡೆಸುವ ಅಂಬರೇಶ ಅದನ್ನು ನಿಲ್ಲಿಸಿದ್ದ. ಅವನ ಟವರಿನಿಂದ ಗಾಳಿಯಲ್ಲೇ ಬಂದ ನೆಟ್ ಈ ಡಿಶ್ಶಿಗೆ ಇಳಿದು, ಇಲ್ಲಿಂದ ಮನೆಮನೆಗೆ ಹೋಗುತ್ತಿತ್ತು. ಊರು ತಗ್ಗಿನಲ್ಲಿರುವುದರಿಂದ ಮೊಬೈಲ್ ಸಿಗ್ನಲ್ ಇಲ್ಲ. ಮೊದಲೆಲ್ಲ ಒಂದು ಫೋನ್ ಮಾಡಬೇಕೆಂದರೆ ಗುಡ್ಡ ಹತ್ತಬೇಕಿತ್ತು. ಈಗ ಒಲೆಯ ಮುಂದೆ ಕೂತೇ ವಾಟ್ಸಾಪಿನಲ್ಲಿ ಮಾತಾಡಬಹುದು.

ಅಂಬಮ್ಮನ ಮನೆಗಂತೂ ಅದು ಈಗ ಬೇಕೇ ಬೇಕಿತ್ತು. ಸೊಸೆ ಉಮಾಶ್ರೀಗೆ ದಿನ ತುಂಬಿತ್ತು. ಮಗ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ನೋವು ಶುರುವಾದರೆ ಊರಿನ ಆಶಾ ಕಾರ್ಯಕರ್ತೆ ಸುಗ್ರಾ ಬೇಗಂ ಆಸ್ಪತ್ರೆಗೆ ಫೋನ್ ಮಾಡಿ ಆಂಬುಲೆನ್ಸ್ ಕರೆಸುವುದೆಂದು ಮಾತಾಗಿತ್ತು. ಆ ಫೋನು ಹೋಗಬೇಕಾದದ್ದು ಈ ಕಂಬದಿಂದಲೇ.

ಆದರೆ ಕಂಬವನ್ನು ನಾಲ್ಕು ದಿಕ್ಕಿಗೆ ಎಳೆದು ಕಟ್ಟಿದ್ದ ತಂತಿಗಳ ಮೇಲೆ ಅಂಬಮ್ಮನಿಗೆ ಬಲು ಸಿಟ್ಟು. ಮೂಡಣ ದಿಕ್ಕಿನ ತಂತಿ ಶಾವಿಗೆ ಒಣಹಾಕುವ ಹೊರಸಿಗೆ ಅಡ್ಡ ಬರುತ್ತಿತ್ತು. ಒಂದು ದಿನ ಅದರ ಕೊಂಡಿ ಬಿಚ್ಚಿ ಸುತ್ತಿ ಬದಿಗಿಟ್ಟಳು. ಆಮೇಲೆ ನೆರಳು ಬೇಕೆನಿಸಿತು. ಕಂಬಕ್ಕೇ ದೊಡ್ಡದೊಂದು ನೀಲಿ ತಾಡಪತ್ರಿ ಕಟ್ಟಿದಳು.

"ಸುಮ್ಮನ ನಿಂತದ, ಇದೂ ಒಂದೀಟು ದುಡೀಲಿ," ಎಂದಳು. ಹೆಂಗಸರೆಲ್ಲ ನಕ್ಕು ನೆರಳಿಗೆ ಸರಿದು ಕೂತರು. ಆ ಬಿಸಿಲಲ್ಲಿ ನೆರಳು ಯಾರಿಗೆ ಬೇಡ?

ಹೀಗಿರುವಾಗ ಒಂದು ಮಧ್ಯಾಹ್ನ ಸುಗ್ರಾ ಬೇಗಂ ಉಮಾಶ್ರೀಯನ್ನು ನೋಡಲು ಬಂದಳು. ಅವಳ ಹಿಂದೆಯೇ ನಟ್ಟು ಬಿಗಿಯುವ ಪಾನಾ, ತಂತಿ ಹಿಡಿದುಕೊಂಡು ಅಂಬರೇಶನೂ ಬಂದ.

"ಯವ್ವಾ, ಬಂಗಾಳ ಕೊಲ್ಲಿಯೊಳಗ ಚಂಡಮಾರುತ ಎದ್ದದ. ನಮ್ಮ ಕಡಿಗೂ ಬಿರುಗಾಳಿ, ಸಿಡಿಲು ಅದಾವಂತ. ಮಾನ್ವಿ, ಸಿರವಾರ ಕಡೆ ಕಂಬ ನೋಡಿ ಮುಗಿಸಿ ಈಗ ಇತ್ತಾಗ ಬರಾಕತ್ತೀನಿ."

ಅಂಬಮ್ಮ ನಕ್ಕಳು. "ಹೋಗೋ ತಮ್ಮಾ! ಚಂಡಮಾರುತ ಸಮುದ್ರದ ದಂಡಿಯವ್ರಿಗೆ. ನಮಗ ಕುಡಿಯೋ ನೀರಿಗೇ ಪರದಾಟ. ಇಲ್ಲೆಲ್ಲಿ ಸಮುದ್ರ ಬಂತು?"

"ಸಮುದ್ರ ಬರೂದಿಲ್ಲ ಯವ್ವಾ, ಅದರ ಗಾಳಿ ಬರ್ತದ."

ಮೂವರೂ ಮಾಳಿಗೆ ಹತ್ತಿದರು. ಅಂಬರೇಶ ತಾಡಪತ್ರಿ ನೋಡಿ ನಿಂತುಬಿಟ್ಟ. ಬಿಚ್ಚಿದ ತಂತಿಯನ್ನೂ ನೋಡಿದ. "ಇದನ್ನ ಯಾರು ಬಿಚ್ಚಿದ್ರು?" ಎಂದು ಕೇಳಿದ. ಅಂಬಮ್ಮ ಅದೇ ಆಗ ಶಾವಿಗೆಯಲ್ಲಿ ಕಸ ಆರಿಸತೊಡಗಿದಳು.

ಸುಗ್ರಾ ಬೇಗಂಗೆ ಎಲ್ಲ ತಿಳಿಯಿತು. ಗೋಡೆಗೆ ಒರಗಿಸಿದ್ದ ಮೊರ ತಂದು ಅಂಬಮ್ಮನ ಕೈಗೆ ಕೊಟ್ಟಳು. "ಅಂಬಕ್ಕಾ, ಇದನ್ನ ಗಾಳಿಗೆ ಎದುರಾಗಿ ಹಿಡೀರಿ ನೋಡೂಣು."

ಹಿಡಿಯುವಷ್ಟರಲ್ಲಿ ಬಿಸಿಗಾಳಿ ಒಮ್ಮೆ ರಭಸದಿಂದ ಬೀಸಿ ಮೊರವನ್ನು ತಿರುವಿತು. ಅಂಬಮ್ಮನ ಮಣಿಕಟ್ಟೂ ಅದರ ಜೊತೆ ತಿರುಗಿತು. "ಯವ್ವಾ, ಕೈ ಕಿತ್ತು ಹೋತು!"

"ಈಟ ಗಾಳಿಗೆ ಈಟ ಮೊರ ಹಿಂಗ ಎಳದ್ರ, ಬಿರುಗಾಳಿಗೆ ಆ ತಾಡಪತ್ರಿ ಕಂಬಾನ ಹೆಂಗ ಎಳೀಬೇಕು? ಅದರಾಗ ಹಿಡಿಯೋ ತಂತೀನೂ ಇಲ್ಲ," ಎಂದಳು ಸುಗ್ರಾ ಬೇಗಂ.

ಅಂಬರೇಶ ತಾಡಪತ್ರಿ ಇಳಿಸಿ ಮಡಚಿಟ್ಟ. ತಂತಿ ಎಳೆದು ಬಿಗಿದ, ಡಿಶ್ಶಿನ ನಟ್ಟುಗಳನ್ನು ತಿರುವಿ ನೋಡಿದ, ಕೆಳಗೆ ಬಂದು ಬ್ಯಾಟರಿಯನ್ನೂ ಪರೀಕ್ಷಿಸಿದ.

"ಕರೆಂಟ್ ಹೋದ್ರೂ ನೆಟ್ಟಿನ ಡಬ್ಬಿ ಈ ಬ್ಯಾಟರಿ ಮ್ಯಾಲ ನಡೀತದ. ಇದಕ್ಕ ಫ್ಯಾನ್ ಹಚ್ಚಬ್ಯಾಡ್ರಿ. ಮತ್ತ ಈ ಊರಾಗ ರೋಗಿಗಳು, ಬಸುರೇರು ಯಾರ್‍ಯಾರು ಅದಾರ?"

"ನಾನೇ ಅದೀನಲ್ಲಣ್ಣ," ಎಂದು ಉಮಾಶ್ರೀ ಒಳಗಿನಿಂದ ನಕ್ಕಳು.

"ಹಂಗಾದ್ರ ಈ ಕಂಬದ ಮ್ಯಾಲ ನನ್ನ ಕಣ್ಣು ಇರ್ತದ. ದೇವದುರ್ಗದಾಗ ನನ್ನ ಕಂಪ್ಯೂಟರ್‌ನ್ಯಾಗ ಒಂದೊಂದು ಕಂಬಕ್ಕ ಒಂದೊಂದು ಹಸರು ಚುಕ್ಕಿ ಅದ. ಕಂಬ ಕೆಟ್ರ ಚುಕ್ಕಿ ಕೆಂಪಾಗ್ತದ. ಇನ್ನೊಂದು ಮಾತು ಯವ್ವಾ, ಗಾಳಿ ಎದ್ದ ಮ್ಯಾಲ ಯಾರೂ ಮಾಳಿಗಿ ಹತ್ತಬಾರ್ದು. ಕಂಬ ಬಿದ್ರ ಬೀಳ್ಲಿ, ಮತ್ತ ನಿಲ್ಲಸ್ತೀನಿ."

ಹೇಳಿಕೊಟ್ಟ ಬುದ್ಧಿ, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು? ಮರುದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಮದುವೆ ಮನೆಯವರಿಗೆ ಕೊಡಬೇಕಾದ ಶಾವಿಗೆ ಇನ್ನೂ ಹಸಿ ಇತ್ತು. ಅಂಬಮ್ಮ ಅತ್ತ ನೋಡಿದಳು, ಇತ್ತ ನೋಡಿದಳು, ಮತ್ತೆ ಕೊಂಡಿ ಬಿಚ್ಚಿ ಹೊರಸು ಹಾಕಿ, ಕೂರುವವರ ನೆರಳಿಗೆ ತಾಡಪತ್ರಿ ಕಟ್ಟಿದಳು. "ಸಂಜಿತನಕ ಅಷ್ಟ," ಎಂದು ತನಗೆ ತಾನೇ ಹೇಳಿಕೊಂಡಳು.

ಗಾಳಿ ಸಂಜೆಯತನಕ ಕಾಯಲಿಲ್ಲ. ಹೊತ್ತು ಇಳಿಯುವ ಮೊದಲೇ ಮೂಡಣದಲ್ಲಿ ಕಪ್ಪು ಎದ್ದಿತು. ಧೂಳು ಕಣ್ಣಿಗೆ ರಾಚಿತು. ಹೆಂಗಸರು ಶಾವಿಗೆಯನ್ನು ಸೆರಗಿಗೆ ಬಾಚಿಕೊಂಡು ಕೆಳಗೆ ಓಡಿದರು. ತಾಡಪತ್ರಿ ಯಾರಿಗೂ ನೆನಪಾಗಲಿಲ್ಲ.

ಕೆಳಗೆ ಉಮಾಶ್ರೀ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುಖ ಬೆವೆತಿತ್ತು. "ಅತ್ತೀ, ನೋವು ಬರಾಕತ್ತದ."

ಸುದ್ದಿ ತಿಳಿದು ಸುಗ್ರಾ ಬೇಗಂ ಓಡಿಬಂದಳು. ಅವಳು ಫೋನ್ ಹಚ್ಚುವುದಕ್ಕೂ ಮೇಲೆ ತಾಡಪತ್ರಿ ಪಟಪಟ ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಕಿರ್ರೆಂದು ಕಬ್ಬಿಣ ನರಳಿತು. ಆಮೇಲೆ ಧಡಲ್ಲೆಂದು ಸದ್ದು. ಮನೆಯ ಜಂತಿಯಿಂದ ಮಣ್ಣು ಉದುರಿತು.

"ಫೋನ್ ಹೋಗವಲ್ದು, ಅಂಬಕ್ಕಾ."

ಅಂಬಮ್ಮ ಮೆಟ್ಟಿಲ ಕಡೆ ಓಡಿದಳು. ಸುಗ್ರಾ ಬೇಗಂ ಅವಳ ರಟ್ಟೆ ಹಿಡಿದು ಎಳೆದಳು. "ಸಿಡಿಲು ಹೊಡ್ಯಾಕತ್ತದ, ಎಲ್ಲಿ ಹೊಂಟ್ರಿ? ನಿಮಗೇನರ ಆದ್ರ ಈ ಹುಡುಗಿಗೆ ಯಾರು? ಬರ್ರಿ, ಆಕಿ ಸೊಂಟ ನೀವ್ರಿ."

ಗುಡ್ಡ ಹತ್ತಿ ಫೋನ್ ಮಾಡಲು ಆ ಗಾಳಿಯಲ್ಲಿ ಯಾರನ್ನು ಕಳಿಸುವುದು? ಅಂಬಮ್ಮ ಸೊಸೆಯ ಬೆನ್ನಿಗೆ ಕೂತು ನೀವುತ್ತಾ ಅತ್ತುಬಿಟ್ಟಳು. "ಶಾವಿಗಿ ಸಲುವಾಗಿ ಬರೋ ಕೂಸಿನ ದಾರೀನ ಕಟ್ಟಿದ್ನಲ್ಲೇ, ಸುಗ್ರಾಬೀ." ನೋವಿನಲ್ಲೂ ಉಮಾಶ್ರೀ ಅತ್ತೆಯ ಕೈ ಒತ್ತಿದಳು. "ಅಳಬ್ಯಾಡ್ರಿ ಅತ್ತೀ."

ಗಾಳಿಯ ಆರ್ಭಟ ಇಳಿಯುತ್ತಾ ಬಂತು. ಮಳೆ ಸಣ್ಣಗಾಯಿತು. ಆಗ ಓಣಿಯ ಬಾಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿತು. ಅಂಬಮ್ಮನಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಅದರ ಹಿಂದೆ ತೊಯ್ದು ತೊಪ್ಪೆಯಾದ ಅಂಬರೇಶ ಬೈಕಿನಿಂದ ಇಳಿದ.

"ಯಾರು ಹೇಳಿದ್ರೋ ತಮ್ಮಾ ನಿನಗ?"

"ಚುಕ್ಕಿ ಕೆಂಪಾತು ಯವ್ವಾ. ಊರಿಗೇ ಫೋನಿಲ್ಲ, ಮನ್ಯಾಗ ದಿನ ತುಂಬಿದಾಕಿ ಅದಾಳ ಅಂತ ನೆನಪಾತು. ನಾನೇ ಆಸ್ಪತ್ರಿಗೆ ಫೋನ್ ಮಾಡಿ ಕಳಿಸ್ರಿ ಅಂದೆ. ಸುಳ್ಳಾದ್ರ ಸುಳ್ಳಾಗ್ಲಿ ಅಂದ್ಕೊಂಡೆ."

ಕತ್ತಲಾಗುವ ಮೊದಲು ದೇವದುರ್ಗದ ಆಸ್ಪತ್ರೆಯಲ್ಲಿ ಉಮಾಶ್ರೀ ಹೆಣ್ಣುಮಗುವನ್ನು ಹೆತ್ತಳು. ವರಾಂಡದಲ್ಲಿ ಅಂಬಮ್ಮ ಅಂಬರೇಶನ ಮುಂದೆ ಕೈ ಜೋಡಿಸಿದಳು. "ನೀ ಕಟ್ಟಿ ಹೋದದ್ದನ್ನ ನಾನೇ ಬಿಚ್ಚಿದೆ. ನನಗ ಬೈಯೋ ತಮ್ಮಾ."

ಅಂಬರೇಶ ಬೈಯಲಿಲ್ಲ. "ಇವತ್ತು ನಮ್ಮ ದೈವ ಗಟ್ಟಿ ಇತ್ತು ಯವ್ವಾ. ರಸ್ತಾದಾಗ ಮರ ಬಿದ್ದಿದ್ದಿಲ್ಲ, ಗಾಡಿ ಖಾಲಿ ಇತ್ತು. ಎಲ್ಲಾ ಸಲ ಹಿಂಗ ಆಗೂದಿಲ್ಲ."

ಆ ಮಾತು ಅಂಬಮ್ಮನ ಎದೆಯಲ್ಲಿ ಕೂತುಬಿಟ್ಟಿತು. ಹೊಸ ಕಂಬ ನಿಲ್ಲುವತನಕ ಊರಿನ ಮುದುಕರು ಮತ್ತೆ ಗುಡ್ಡ ಹತ್ತಿದ್ದನ್ನೂ ಅವಳು ಕಣ್ಣಾರೆ ಕಂಡಳು. ಈಗ ಗಾಳಿಯ ಸುದ್ದಿ ಬಂತೆಂದರೆ ಸಂಘದ ಹೆಂಗಸರನ್ನು ಕಟ್ಟಿಕೊಂಡು ಮಾಳಿಗೆ ಮಾಳಿಗೆ ಸುತ್ತಿ, ಗಾಳಿಗೆ ಹಾರುವಂಥದ್ದನ್ನೆಲ್ಲ ಇಳಿಸುತ್ತಾಳೆ. ಮಾತು ಕೇಳದವರ ಕೈಗೆ ಮೊರ ಕೊಡುತ್ತಾಳೆ. ಅಂದು ಗಾಳಿಗೆ ಹಾರಿ ಸಿಕ್ಕಿಕೊಂಡ ಹರಿದ ನೀಲಿ ತಾಡಪತ್ರಿ ಮನೆ ಮುಂದಿನ ಬೇವಿನ ಕೊಂಬೆಯಲ್ಲಿ ಇನ್ನೂ ನೇತಾಡುತ್ತಿದೆ. "ತಗೀಬ್ಯಾಡ್ರಿ, ನನಗ ನೆನಪಿರ್ಲಿ," ಅನ್ನುತ್ತಾಳೆ. ಅದರ ಕೆಳಗೇ ಮೊಮ್ಮಗಳನ್ನು ಆಡಿಸುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ ನಿಮ್ಮ ಮಾಳಿಗೆಯ ಮೇಲೂ ಅಂಥದೊಂದು ಕಂಬವಿರಬಹುದು. ಅದಕ್ಕೆ ಬಟ್ಟೆ, ಬಾವುಟ, ತಾಡಪತ್ರಿ ಯಾವುದನ್ನೂ ಕಟ್ಟಬೇಡಿ. ತಂತಿ ಸಡಿಲವಾಗಿದ್ದರೆ ನೀವೇ ಕೈ ಹಾಕದೆ ನೆಟ್ಟಿನವರನ್ನು ಕರೆಯಿರಿ. ಬ್ಯಾಟರಿಯನ್ನೂ ಫೋನನ್ನೂ ಚಾರ್ಜ್ ಮಾಡಿಟ್ಟುಕೊಳ್ಳಿ. ಮನೆಯಲ್ಲಿ ಬಸುರಿಯೋ ರೋಗಿಯೋ ಇದ್ದರೆ ಆಶಾ ಕಾರ್ಯಕರ್ತೆಗೂ ನೆಟ್ಟಿನವರಿಗೂ ಮೊದಲೇ ಹೇಳಿಡಿ. ಗಾಳಿ, ಸಿಡಿಲು ಶುರುವಾದ ಮೇಲೆ ಮಾತ್ರ ಏನೇ ಆಗಲಿ ಮೇಲೆ ಹತ್ತಬೇಡಿ. ಹತ್ತುವುದಿದ್ದರೆ ಇವತ್ತೇ, ಆಕಾಶ ತಿಳಿಯಾಗಿರುವಾಗಲೇ, ಒಮ್ಮೆ ಹತ್ತಿ ನೋಡಿ ಬನ್ನಿ.