ಮಾವನ ತಟ್ಟೆಗೆ ಪಾಸ್ತಾ

ನಾನು ಸುಮ್ಮನೆ ಕೂರುವವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಕೂತರೆ ಕಾಲು ಅಲ್ಲಾಡುತ್ತಿರುತ್ತದೆ, ನಿಂತರೆ ಕೈ ಏನನ್ನಾದರೂ ಹುಡುಕುತ್ತಿರುತ್ತದೆ. ಹರವೆಯಿಂದ ತೆರಕಣಾಂಬಿಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ ದಿನಾ ಮಧ್ಯಾಹ್ನ ಹಿಟ್ಟು ತಿರುವಿ ಮುದ್ದೆ ಕಟ್ಟಿದ್ದೇನೆ, ಅದರ ಜೊತೆಗೆ ಉಪ್ಸಾರು ಕಾಸಿದ್ದೇನೆ. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ಮಗಳು ಮೈಸೂರಿನ ಹಾಸ್ಟೆಲ್ಲಿಗೆ ಹೋದಮೇಲೆ ಮನೆಯಲ್ಲಿ ಉಳಿದವರು ಮೂವರೇ: ನಾನು, ತರಕಾರಿ ಮಾರ್ಕೆಟ್ಟಿನಲ್ಲಿ ಟೊಮೆಟೊ ವ್ಯಾಪಾರ ಮಾಡುವ ನನ್ನ ಗಂಡ ಪುಟ್ಟರಾಜು, ಎಂಬತ್ತರ ಹತ್ತಿರದ ನನ್ನ ಮಾವ ಶಾಂತಮಲ್ಲಪ್ಪ. ಮೂವರದ್ದೂ ಸೇರಿ ದಿನಕ್ಕೆ ಹತ್ತು ಮಾತಿರಲಿಲ್ಲ.

ಹೋದ ಯುಗಾದಿಯ ಹೊತ್ತಿಗೆ ಫೋನಿನಲ್ಲಿ ರೀಲ್ಸ್ ಅಡುಗೆ ನೋಡಲು ಶುರುಮಾಡಿದೆ. ನೋಡುವುದೇನು ಬಂತು, ಮಾಡಿಯೇಬಿಟ್ಟೆ. ರಾಗಿಹಿಟ್ಟಿನ ಪಿಜ್ಜಾ, ಬೀಟ್‌ರೂಟ್ ಮೊಮೊ, ಹಾಲಲ್ಲಿ ನೆನೆಹಾಕಿ ತಣ್ಣಗೆ ತಿನ್ನುವ ಓಟ್ಸ್, ಬ್ರೆಡ್ಡಿನ ಮೇಲೆ ಸವರಿದ ಬೆಣ್ಣೆಹಣ್ಣು. ಚೀಸಿಗೋಸ್ಕರ ವಾರಕ್ಕೊಮ್ಮೆ ಗುಂಡ್ಲುಪೇಟೆ ಬಸ್ಸು ಹತ್ತುತ್ತಿದ್ದೆ. ಅಲ್ಲಿನ ಮಲಯಾಳಿ ಬೇಕರಿಯವನು ನನ್ನನ್ನು ದೂರದಲ್ಲಿ ಕಂಡರೇ ‘ಚೇಚೀ, ಹೊಸ ಸಾಸ್ ಬಂತು’ ಅಂತ ಕೂಗುತ್ತಿದ್ದ. ಆಗೆಲ್ಲ ಮೈಯಲ್ಲಿ ಹೊಸ ರಕ್ತ ಓಡಾಡುತ್ತಿತ್ತು.

ಪುಟ್ಟರಾಜು ಮೊದಲ ದಿನವೇ ಪಿಜ್ಜಾವನ್ನು ತಟ್ಟೆಗೆ ಹಾಕಿಸಿಕೊಳ್ಳಲಿಲ್ಲ.

“ಇದೇನಮ್ಮಿ ಇದು, ಬೆರಣಿಗೆ ಕುಂಕ್ಮ ಇಕ್ಕ್ದಂಗದೆ! ನಂಗೆ ಹಿಟ್ಟಾಕು.”

“ಮಾವ ಉಂಡ್ರಲ್ಲ?”

“ಅಪ್ಪ ಉಂಡ್ರೆ ಉಣ್ಲಿ. ಆದ್ರೆ ಕೇಳು, ಅಪ್ಪ ಒಂದಿನ ಬ್ಯಾಡ ಅಂದ್ರೂ ಸಾಕು, ಅವತ್ತೇ ಇದೆಲ್ಲಾ ಬಂದ್. ಮಾತಾ?”

“ಮಾತು,” ಅಂದೆ. ಮಾವ ಅಲ್ಲೇ ಗೋಡೆಗೊರಗಿ ಕೂತಿದ್ದರು. ಕಿವಿ ಸ್ವಲ್ಪ ಮಂದ ಅವರಿಗೆ, ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ.

ಮಾವ ಲಿಂಗಪೂಜೆ ಮುಗಿಸದೆ ಊಟಕ್ಕೆ ಕೂರುವವರಲ್ಲ. ತಟ್ಟೆಗೆ ಬಿದ್ದದ್ದೆಲ್ಲ ಅವರಿಗೆ ಪ್ರಸಾದ. ಒಂದಗುಳು ಬಿಡುವುದಿಲ್ಲ. ಕೊನೆಗೆ ತಟ್ಟೆಗೆ ನೀರು ಹಾಕಿ, ಬೆರಳಲ್ಲೇ ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ಬೇಡದ್ದನ್ನು ಬಡಿಸುವ ಮೊದಲೇ ಬೇಡ ಅನ್ನಬೇಕು. ಬಿದ್ದಮೇಲೆ ಮುಗಿಯಿತು, ಚೆನ್ನಾಗಿದೆ ಚೆನ್ನಾಗಿಲ್ಲ ಅಂತ ಪ್ರಸಾದಕ್ಕೆ ಹೆಸರಿಡುವ ಹಾಗಿಲ್ಲ.

ಮಾವ ಒಂದು ದಿನವೂ ಬೇಡ ಅನ್ನಲಿಲ್ಲ. ಏನು ಹಿಡಿದುಕೊಂಡು ಹೋದರೂ ತಟ್ಟೆ ಮುಂದೆ ತಳ್ಳುತ್ತಿದ್ದರು, ಪೂರ್ತಿ ಉಣ್ಣುತ್ತಿದ್ದರು, ನೀರು ಕುಡಿದು ಏಳುತ್ತಿದ್ದರು. ಗಂಡನ ಮುಂದೆ ನನ್ನ ಜಂಬವೇನು ಕೇಳುತ್ತೀರಿ! ಆದರೆ ತಿಂಗಳೆರಡಾದ ಮೇಲೆ ಆ ಜಂಬದೊಳಗೆ ಒಂದು ಹುಳ ಹೊಕ್ಕಿತು. ಇವರಿಗೆ ನಿಜಕ್ಕೂ ಹಿಡಿಸುತ್ತಿದೆಯಾ?

“ಎಂಗಿತ್ತು ಮಾವ?” ಅಂತ ಕೇಳುತ್ತಿದ್ದೆ.

“ಊಟ ಆಯ್ತು ಕಣವ್ವ,” ಅನ್ನುತ್ತಿದ್ದರು.

ಇದೂ ಒಂದು ಉತ್ತರವೇ? ಊಟ ಆಯ್ತು ಅಂತ ನನಗೆ ಕಾಣುವುದಿಲ್ಲವೇ? ದಿನಾ ಕೇಳಿದೆ, ದಿನಾ ಅದನ್ನೇ ಹೇಳಿದರು. ಪಾತ್ರೆ ತೊಳೆಯುವಾಗಲೂ ಅದೇ ಯೋಚನೆ, ಬಸ್ಸಿನಲ್ಲೂ ಅದೇ. ಮುಖಕ್ಕೆ ಹೊಡೆದಂತೆ ‘ಕೆಟ್ಟದಾಗದೆ’ ಅಂದಿದ್ದರೂ ನೆಮ್ಮದಿಯಾಗಿ ಮಲಗುತ್ತಿದ್ದೆ. ಇಷ್ಟು ವರ್ಷ ಬೇಯಿಸಿ ಹಾಕಿದ ಕೈಗೆ ಒಂದು ನಿಜವಾದ ಮಾತು ಬೇಡವೇ? ನನಗೆ ಬೇಕಿತ್ತು. ಹೊಟ್ಟೆ ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು.

ದೀಪಾವಳಿ ಕಳೆದ ವಾರ ಪಕ್ಕದ ಮನೆಯ ನಾಗಲಕ್ಷ್ಮಿ ಮೊಸರಿಗೆ ಹೆಪ್ಪು ಕೇಳಲು ಬಂದಳು. ‘ನಮ್ಮ ಮಾವನಿಗೆ ನನ್ನ ಅಡುಗೆ ಅಂದ್ರೆ ಪ್ರಾಣ’ ಅಂತ ಕೊಚ್ಚಿಕೊಂಡೆ. ಅವಳು ಕಿಸಕ್ಕನೆ ನಕ್ಕಳು.

“ಅಯ್ಯೋ ಬುಡಕ್ಕ! ನಿಮ್ ಮಾವಂಗೆ ಮಣ್ಣು ಕಲಸಿ ಇಕ್ಕುದ್ರೂ ಉಂತರೆ. ಅವ್ರು ಉಣ್ಣದು ಪ್ರಸಾದವ, ನಿನ್ ಅಡಿಗೆಯ ಅಲ್ಲ.”

ಹೆಪ್ಪು ತೆಗೆದುಕೊಂಡು ಅವಳು ಹೋದಳು. ನನಗೆ ಅಲ್ಲಿಂದ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಹಿತ್ತಿಲಿಗೆ ಹೋದೆ, ಬಂದೆ, ಮತ್ತೆ ಹೋದೆ.

ಮಾರನೆಯ ಮಧ್ಯಾಹ್ನ ಬಿಳಿ ಸಾಸಿನ ಪಾಸ್ತಾ ಮಾಡಿದೆ. ಮಾವನ ಪಾಲನ್ನು ಬೇರೆ ಬಟ್ಟಲಿಗೆ ತೆಗೆದು ಅದಕ್ಕೆ ಮೇಲಿಂದ ಎರಡು ಚಮಚ ಉಪ್ಪು ಹಾಕಿ ಕಲಸಿದೆ. ಬೇಕೆಂದೇ ಹಾಕಿದೆ. ಅವರ ಬಿ.ಪಿ. ಮಾತ್ರೆಯನ್ನು ದಿನಾ ಬೆಳಿಗ್ಗೆ ಕೊಡುವವಳೂ ನಾನೇ, ಗೊತ್ತಿಲ್ಲದೆ ಮಾಡಿದೆ ಅನ್ನುವ ಹಾಗೂ ಇಲ್ಲ. ಒಂದು ತುತ್ತು ಬಾಯಿಗಿಟ್ಟು ‘ಥೂ, ಉಪ್ಪು’ ಅನ್ನುತ್ತಾರೆ, ಅಷ್ಟಕ್ಕೇ ತಟ್ಟೆ ತೆಗೆದುಬಿಟ್ಟರಾಯಿತು ಅಂದುಕೊಂಡಿದ್ದೆ.

ಮಾವ ಮೊದಲ ತುತ್ತು ಬಾಯಿಗಿಟ್ಟು ನಿಲ್ಲಿಸಿದರು. ಕೈ ಮೊಣಕಾಲ ಮೇಲೆ ಹಾಗೇ ಉಳಿಯಿತು. ತಲೆಯೆತ್ತಿ ನನ್ನನ್ನು ನೋಡಿದರು. ನಾನು ಬಾಗಿಲಲ್ಲಿ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದೆ. ಹೇಳಿ ಮಾವ, ಹೇಳಿ, ಅಂತ ಮನಸ್ಸಿನಲ್ಲೇ ಕೂಗುತ್ತಿದ್ದೆ. ಅವರು ತಲೆ ತಗ್ಗಿಸಿ ಎರಡನೆಯ ತುತ್ತು ತೆಗೆದುಕೊಂಡರು. ಮೂರನೆಯದು. ಕಣ್ಣಲ್ಲಿ ನೀರು ಬಂತು, ಹೆಗಲ ಮೇಲಿನ ಟವೆಲಿನಲ್ಲಿ ಒರೆಸಿಕೊಂಡು ಮುಂದುವರಿಸಿದರು. ಓಡಿಹೋಗಿ ಕಿತ್ತುಕೊಳ್ಳಬಹುದಿತ್ತು. ನಾನು ಕಿತ್ತುಕೊಳ್ಳಲಿಲ್ಲ, ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಕಾಯುತ್ತಾ ನಿಂತೆ. ಕೊನೆಗೆ ತಟ್ಟೆ ತೊಳೆದ ನೀರನ್ನೂ ಕುಡಿದರು.

“ಎಂಗಿತ್ತು ಮಾವ?” ಅಂತ ಅವತ್ತೂ ಕೇಳಿದೆ.

“ಊಟ ಆಯ್ತು ಕಣವ್ವ.”

ಸಂಜೆ ಐದರ ಹೊತ್ತಿಗೆ ಜಗಲಿಯಲ್ಲಿ ಕೂತಿದ್ದವರು ತಲೆ ಸುತ್ತುತ್ತದೆ ಅಂದರು. ಆಮೇಲೆ ಉಸಿರು ಎಳೆಯತೊಡಗಿದರು. ಪುಟ್ಟರಾಜು ಟೊಮೆಟೊ ಕ್ರೇಟುಗಳನ್ನು ಬೀದಿಗೇ ಇಳಿಸಿ, ಪಿಕಪ್ಪಿನಲ್ಲಿ ಅವರನ್ನು ಕೂರಿಸಿಕೊಂಡ. ಚಾಮರಾಜನಗರದ ಆಸ್ಪತ್ರೆ ಸೇರುವವರೆಗೂ ನಾನು ಅವರ ಎದೆ ನೀವುತ್ತಲೇ ಇದ್ದೆ. ಶಿವನೇ, ಈ ಪಾಪಿಯ ಕೈ ಸೇದಿಹೋಗಲಿ, ಇವರನ್ನು ಉಳಿಸು ಅಂತ ಬೇಡಿಕೊಂಡೆ.

ಬಿ.ಪಿ. ನೋಡಿ ಡಾಕ್ಟರಮ್ಮ ಗಾಬರಿಯಾದರು. “ಏನು ತಿಂದ್ರಿ ಅಜ್ಜ? ಉಪ್ಪಿನಕಾಯಿ? ಹಪ್ಪಳ?”

“ಪ್ರಸಾದ,” ಅಂದರು ಮಾವ, ಏದುಸಿರಿನಲ್ಲೇ.

“ಮನೆ ಊಟನೇ ಮೇಡಂ, ಬೇರೇನೂ ಇಲ್ಲ,” ಅಂದ ಪುಟ್ಟರಾಜು.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹೇಳಿದೆನಲ್ಲ, ನಾನು ಸುಮ್ಮನಿರುವವಳಲ್ಲ. “ನಾನೇ ಉಪ್ಪು ಹಾಕ್ದೆ ಮೇಡಂ. ಬೇಕಂತ್ಲೇ ಹಾಕ್ದೆ. ಎರಡು ಚಮಚ.”

ಡಾಕ್ಟರಮ್ಮ ನನ್ನನ್ನು ಒಮ್ಮೆ ನೋಡಿ ಇಂಜೆಕ್ಷನ್ ಬರೆಯತೊಡಗಿದರು. ಪುಟ್ಟರಾಜು ಗಾಡಿಯ ಕೀಲಿ ಹಿಡಿದು ಎದ್ದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೊರಗೆ ಹೋಗಿ ಗಾಡಿಯಲ್ಲಿ ಕೂತುಬಿಟ್ಟ.

ಬೆಳಗಿನ ಹೊತ್ತಿಗೆ ಮಾವನ ಉಸಿರು ಹದಕ್ಕೆ ಬಂತು. ಕಣ್ಣು ಬಿಟ್ಟರು. ಆಗ ಪುಟ್ಟರಾಜು ಒಳಗೆ ಬಂದು, ನನ್ನ ಮುಖ ನೋಡದೆಯೇ ಅಂದ.

“ಮನೆಗೋದ್ ತಕ್ಷಣ ಆ ಸಾಸು, ಚೀಸು ಎಲ್ಲಾನೂ ತಿಪ್ಪೆಗೆಸೀತೀನಿ. ಇನ್ ಮುಗೀತು.”

“ಎಸೀರಿ,” ಅಂದೆ. ನನಗೂ ಅದೇ ಸರಿ ಅನಿಸಿತ್ತು.

ಮಾವ ಮೆಲ್ಲಗೆ ಕೈಯೆತ್ತಿದರು. “ಲೋ, ನಾನೇನ್ ಬ್ಯಾಡ ಅಂದ್ನೇನ್ಲಾ? ನಾನಂದಾಗ ತಾನೆ ಬಂದ್?”

ಪುಟ್ಟರಾಜು ಬಾಯಿ ಬಿಟ್ಟುಕೊಂಡು ನಿಂತ. ಆ ಮಾತು ಅವರಿಗೆ ಮೊದಲ ದಿನವೇ ಕೇಳಿಸಿತ್ತು.

“ಮಾವ, ಅದ್ಕೇನಾ ನೀವು ಬ್ಯಾಡ ಅನ್ದೇ ಇದ್ದದ್ದು?”

“ಇನ್ಯಾತಕ್ಕೆ? ಅದೊಂದ್ರಲ್ಲಿ ನಿನ್ ಮೊಖ ಗೆಲುವಾಗಿತ್ತು. ಅದನ್ನೂ ಕಿತ್ಕೊಂಡ್ಬುಟ್ರೆ ಆ ಮನೇಲಿ ನೀ ಎಂಗಿದ್ದೀಯೆ ಅಂತ ಹಾಕಿಸ್ಕಂಡೆ.”

ನನಗೆ ಅಳು ಉಕ್ಕಿ ಬಂತು. ಗಂಡನ ಮುಂದೆ, ಪಕ್ಕದ ಮಂಚದವರ ಮುಂದೆ, ಮಾನ ಮರ್ಯಾದೆ ಬಿಟ್ಟು ಅತ್ತೆ. ಅಳುತ್ತಲೇ ಅವರ ಪಾದ ಹಿಡಿದುಕೊಂಡೆ. ಆದರೂ ಕೇಳದೆ ಇರಲಾಗಲಿಲ್ಲ, ನನ್ನ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

“ಒಂದಾದ್ರೂ ಚೆನ್ನಾಗಿತ್ತಾ ಮಾವ?”

ಮಾವ ತೊಟ್ಟಿಕ್ಕುವ ಡ್ರಿಪ್ ಬಾಟಲಿ ನೋಡುತ್ತಾ ಒಂದೊಂದೇ ಬೆರಳು ಮಡಚಿ ಲೆಕ್ಕ ಹಾಕಿದರು.

“ಇಲ್ಲ ಕಣವ್ವ. ಒಂದೂ ಇಲ್ಲ.”

ಪುಟ್ಟರಾಜು ತಡೆಯಲಾರದೆ ನಕ್ಕುಬಿಟ್ಟ. ನಾನು ಕಣ್ಣು ಒರೆಸಿಕೊಂಡು ಸ್ಟೂಲನ್ನು ಮಂಚಕ್ಕೆ ಒತ್ತಿ ಎಳೆದು ಕೂತೆ. “ಹೇಳಿ ಮಾವ. ಏನೇನು ಕೆಟ್ಟಿತ್ತು, ಒಂದೂ ಬಿಡದೆ ಹೇಳಿ.”

ನರ್ಸು ಓಡಿಬಂದು, ಅಜ್ಜನನ್ನು ಮಾತಾಡಿಸಬೇಡಿ ಅಂತ ಗದರಿದಳು. ಮಾವ ಅವಳತ್ತ ಸೂಜಿ ಚುಚ್ಚಿದ ಕೈಯನ್ನೇ ಅಡ್ಡ ಹಿಡಿದರು.

“ಇರವ್ವ, ಒಂದ್ ಗಳಿಗೆ. ಪಾಪ, ಐದ್ ತಿಂಗ್ಳಿಂದ ಕೇಳ್ತಾವ್ಳೆ.”